ಅಂಕ ಚೆನ್ನಾಗಿ ಬರುವವಳಿಗೆ ಸಹಾಯ ಯಾಕೆ ಎಂದರೆ ಏನು ಹೇಳಲಿ?

ಪ್ರಶ್ನೆ: ಮೇಡಂ, ನಾನು ಒಂಬತ್ತನೇ ತರಗತಿಯಲ್ಲಿ ಓದುತ್ತಿದ್ದೇನೆ. ವಯಸ್ಸು 15. ಎರಡು ವರ್ಷದ ಹಿಂದೆ ನನ್ನನ್ನು ಪರೀಕ್ಷೆ ಮಾಡಿದ ಡಾಕ್ಟರ್ ‘ಇದನ್ನು ಮೊದಲು ಆಸ್ಪರ್ಜರ್ ಸಿಂಡ್ರೋಮ್ ಅಂತಿದ್ದರು’ ಅಂದರು. ರಿಪೋರ್ಟಿನಲ್ಲಿ ‘ಆಟಿಸಂ ಸ್ಪೆಕ್ಟ್ರಮ್, ಹಂತ 1’ ಅಂತ ಇದೆ. ನನ್ನ ಅಂಕ ಯಾವತ್ತೂ 85ಕ್ಕಿಂತ ಕೆಳಗೆ ಇಳಿದಿಲ್ಲ. ಆದರೆ ತರಗತಿಯಲ್ಲಿ ಗದ್ದಲ ಇದ್ದರೆ ಟೀಚರ್ ಮಾತು ಕೇಳಿಸುತ್ತದೆ, ತಲೆಗೆ ಹೋಗುವುದಿಲ್ಲ. ಗ್ರೂಪ್ ಪ್ರಾಜೆಕ್ಟ್ ಅಂದರೆ ಹಿಂದಿನ ರಾತ್ರಿ ನಿದ್ದೆ ಬರುವುದಿಲ್ಲ. ಟೈಮ್‌ಟೇಬಲ್ ಇದ್ದಕ್ಕಿದ್ದಂತೆ ಬದಲಾದರೆ ಏನು ಮಾಡಬೇಕೆಂದೇ ತೋಚುವುದಿಲ್ಲ. ಬಿಡುವಿನಲ್ಲಿ ಶೌಚಾಲಯದೊಳಗೆ ಚಿಲಕ ಹಾಕಿಕೊಂಡು ಕೂರುತ್ತೇನೆ. ಮನೆಗೆ ಬಂದ ಮೇಲೆ ಎರಡು ಗಂಟೆ ಯಾರ ಜೊತೆಗೂ ಮಾತಾಡಲು ಆಗುವುದಿಲ್ಲ, ಕೆಲವು ದಿನ ಸುಮ್ಮನೆ ಅಳು ಬರುತ್ತದೆ. ಅಮ್ಮ ಶಾಲೆಗೆ ಹೋಗಿ ಕೇಳಿದರು. ‘ಇಷ್ಟು ಚೆನ್ನಾಗಿ ಓದುವ ಹುಡುಗಿಗೆ ಏನು ತೊಂದರೆ? ಒಬ್ಬಳಿಗೆ ಕೊಟ್ಟರೆ ಎಲ್ಲರೂ ಕೇಳ್ತಾರೆ’ ಅಂದರಂತೆ. ‘ಹೊರಗೆ ಗೊತ್ತಾದರೆ ಮುಂದೆ ನಿನಗೇ ಕಷ್ಟ’ ಅಂತ ಅಪ್ಪ ಹೇಳುತ್ತಾರೆ. ವಿಜ್ಞಾನದ ಸರ್ ಒಬ್ಬರು ಮಾತ್ರ ಆವತ್ತು ಏನೇನು ಮಾಡುತ್ತೇವೆ ಅಂತ ಬೋರ್ಡಿನ ಮೂಲೆಯಲ್ಲಿ ಬರೆದಿಡುತ್ತಾರೆ. ಅವರ ಕ್ಲಾಸಿನಲ್ಲಿ ನನಗೆ ಏನೂ ಆಗುವುದಿಲ್ಲ. ನಾನು ಶಾಲೆಯಲ್ಲಿ ಏನು ಕೇಳಬಹುದು, ಹೇಗೆ ಕೇಳಬೇಕು? ಕೇಳಿದರೆ ಉಳಿದವರಿಗೆ ಮೋಸ ಮಾಡಿದಂತೆ ಆಗುವುದಿಲ್ಲವೇ?

ಉತ್ತರ: ನನ್ನ ಬಳಿ ಬರುವ ಮಕ್ಕಳನ್ನು ಏಕವಚನದಲ್ಲೇ ಮಾತಾಡಿಸಿ ಅಭ್ಯಾಸ, ನಿನ್ನನ್ನೂ ಹಾಗೇ ಕರೆಯುತ್ತೇನೆ. ನಿನ್ನ ಪತ್ರವನ್ನು ಎರಡು ಸಲ ಓದಿದೆ. ಶಾಲೆಯವರು ಕೇಳಿದ ‘ಏನು ತೊಂದರೆ’ ಎಂಬ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ. ಅಮ್ಮ ಶಾಲೆಯಲ್ಲಿ ಹೇಳಿರುವುದು ಬಹುಶಃ ಒಂದು ಹೆಸರು. ನೀನು ನನಗೆ ಬರೆದಿರುವುದು ಏನೇನು ನಡೆಯುತ್ತದೆ ಎಂಬುದು. ಹೆಸರು ಕೇಳಿದ ಶಾಲೆಗೆ ಏನು ಮಾಡಬೇಕೆಂದು ಗೊತ್ತಾಗುವುದಿಲ್ಲ, ಗೊತ್ತಾಗದಿದ್ದಾಗ ‘ಬೇಡ’ ಎನ್ನುವುದು ಸುಲಭ. ನಡೆಯುವುದನ್ನು ಕಣ್ಣಿಗೆ ಕಟ್ಟುವಂತೆ ಹೇಳಿದರೆ ಹಾಗೆ ತಳ್ಳಿಹಾಕುವುದು ಕಷ್ಟ. ಶಾಲೆಗಳಲ್ಲಿ ಮಕ್ಕಳ ಮನಶ್ಶಾಸ್ತ್ರಜ್ಞೆಯಾಗಿ ಇಷ್ಟು ವರ್ಷ ಕೆಲಸ ಮಾಡಿ ನಾನು ಕಲಿತದ್ದರಲ್ಲಿ ಮುಖ್ಯವಾದದ್ದು ಇದೇ.

ಆದರೂ ಹೆಸರಿನ ಗೊಂದಲವನ್ನು ಮೊದಲು ಬಗೆಹರಿಸೋಣ, ಏಕೆಂದರೆ ಅರ್ಜಿ ಬರೆಯುವಾಗ ಅದು ಎದುರಾಗುತ್ತದೆ. ಆಟಿಸಂ ಎಂದರೆ ಜನರೊಡನೆ ಬೆರೆಯುವುದು, ಬದಲಾವಣೆ, ಸದ್ದುಗದ್ದಲ ಇವುಗಳನ್ನು ಮೆದುಳು ಬೇರೆ ರೀತಿ ಗ್ರಹಿಸುವ ಸ್ಥಿತಿ. ವಿಯೆನ್ನಾದ ಮಕ್ಕಳ ವೈದ್ಯ ಹಾನ್ಸ್ ಆಸ್ಪರ್ಜರ್ 1944ರಲ್ಲಿ ಇಂಥ ಕೆಲವು ಹುಡುಗರ ಬಗ್ಗೆ ಬರೆದಿದ್ದರು. ಬ್ರಿಟನ್ನಿನ ಮನೋವೈದ್ಯೆ ಲೋರ್ನಾ ವಿಂಗ್ 1981ರಲ್ಲಿ ‘ಆಸ್ಪರ್ಜರ್ ಸಿಂಡ್ರೋಮ್’ ಎಂಬ ಹೆಸರಿನಲ್ಲಿ ಅದನ್ನು ಹೊರಜಗತ್ತಿಗೆ ಪರಿಚಯಿಸಿದರು. 1994ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಅದಕ್ಕೆ ಬೇರೆಯೇ ಜಾಗ ಸಿಕ್ಕಿತು, 2013ರ ಪರಿಷ್ಕರಣೆಯಲ್ಲಿ ಆ ಜಾಗ ಹೋಗಿ ಎಲ್ಲವೂ ಆಟಿಸಂ ಸ್ಪೆಕ್ಟ್ರಮ್ ಎಂಬ ಒಂದೇ ಹೆಸರಿನ ಕೆಳಗೆ ಬಂತು. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯೂ ಇದನ್ನೇ ಅನುಸರಿಸಿತು. ನಾಜಿ ಆಡಳಿತದ ಕಾಲದಲ್ಲಿ ಆಸ್ಪರ್ಜರ್ ಅವರು ಮಕ್ಕಳನ್ನು ಕೊಲ್ಲುತ್ತಿದ್ದ ಸಂಸ್ಥೆಯೊಂದಕ್ಕೆ ಮಕ್ಕಳನ್ನು ಶಿಫಾರಸು ಮಾಡಿ ಕಳಿಸಿದ್ದರೆಂದು 2018ರಲ್ಲಿ ಪ್ರಕಟವಾದ ದಾಖಲೆಗಳು ತೋರಿಸಿದ ಮೇಲೆ ಆ ಹೆಸರೇ ಬೇಡ ಎನ್ನುವವರೂ ಇದ್ದಾರೆ. ಹಲವು ವರ್ಷ ಅದೇ ಹೆಸರಿನೊಂದಿಗೆ ಬದುಕಿದವರು ಅದನ್ನು ಬಿಡಲು ಒಪ್ಪುವುದಿಲ್ಲ. ನಿನ್ನನ್ನು ನೀನು ಏನೆಂದು ಕರೆದುಕೊಳ್ಳುತ್ತೀಯೋ ಅದು ನಿನಗೆ ಬಿಟ್ಟದ್ದು. ಶಾಲೆಗೆ ಬರೆಯುವಾಗ ಮಾತ್ರ ರಿಪೋರ್ಟಿನಲ್ಲಿ ಇರುವ ಪದಗಳನ್ನೇ ಬಳಸು. ಎರಡು ಹೆಸರು ಕಂಡರೆ ‘ಯಾವುದು ನಿಜ’ ಎಂಬ ಚರ್ಚೆಯಲ್ಲೇ ಸಭೆ ಮುಗಿದುಹೋಗುತ್ತದೆ. ನಾನೇ ಅಂಥ ಸಭೆಗಳಲ್ಲಿ ಕೂತಿದ್ದೇನೆ.

ಆ ರಿಪೋರ್ಟಿನಲ್ಲಿ ನಿನ್ನ ಕೈಗೆ ಇನ್ನೊಂದು ಬಲವಾದ ವಿಷಯ ಇದೆ, ಅದನ್ನು ಯಾರೂ ಗಮನಿಸಿದಂತಿಲ್ಲ. ‘ಹಂತ 1’ ಎಂದರೆ ಬಹಳ ಜನ ‘ಸ್ವಲ್ಪವೇ ಇದೆ, ಬಿಟ್ಟುಬಿಡಿ’ ಎಂದು ಓದುತ್ತಾರೆ. ಕೈಪಿಡಿಯಲ್ಲಿ ಹಂತ 1ಕ್ಕೆ ಕೊಟ್ಟಿರುವ ಅರ್ಥ ‘ಬೆಂಬಲ ಬೇಕು’ ಎಂದು. ಹಂತ 2 ಎಂದರೆ ಗಣನೀಯ ಬೆಂಬಲ ಬೇಕು, ಹಂತ 3 ಎಂದರೆ ಅತಿ ಹೆಚ್ಚಿನ ಬೆಂಬಲ ಬೇಕು. ಬೆಂಬಲ ಬೇಡ ಎಂಬ ಹಂತವೇ ಆ ಪಟ್ಟಿಯಲ್ಲಿ ಇಲ್ಲ. ನಿನಗೆ ಸಹಾಯದ ಅಗತ್ಯ ಇದೆಯೇ ಎಂಬ ಪ್ರಶ್ನೆಗೆ ಡಾಕ್ಟರ್ ಎರಡು ವರ್ಷದ ಹಿಂದೆಯೇ ಉತ್ತರ ಕೊಟ್ಟಾಗಿದೆ. ಈಗ ಉಳಿದಿರುವುದು ಯಾವ ಸಹಾಯ ಎಂಬುದು.

ಇನ್ನು ಅಂಕದ ಮಾತು. ಹಿಂದೆ ಆಸ್ಪರ್ಜರ್ ಎಂದು ಗುರುತಿಸಲು ಇದ್ದ ನಿಯಮಗಳಲ್ಲೇ, ಮಾತು ಕಲಿಯುವುದರಲ್ಲಿ ಮತ್ತು ಬುದ್ಧಿಯ ಬೆಳವಣಿಗೆಯಲ್ಲಿ ಹೇಳಿಕೊಳ್ಳುವಂಥ ವಿಳಂಬ ಇರಬಾರದು ಎಂಬುದೂ ಒಂದಾಗಿತ್ತು. ಅಂದರೆ ಚೆನ್ನಾಗಿ ಓದುವುದು ಈ ಸ್ಥಿತಿಗೆ ವಿರುದ್ಧವಾದ ಸಾಕ್ಷಿ ಅಲ್ಲವೇ ಅಲ್ಲ. ಉತ್ತರ ಪತ್ರಿಕೆಯಲ್ಲಿ ಕಾಣುವುದು ನೀನು ಏನು ಬರೆದೆ ಎಂಬುದು ಮಾತ್ರ. ಅದನ್ನು ಬರೆಯುವ ಸ್ಥಿತಿಗೆ ಬರಲು ನೀನು ಏನೇನು ತೆತ್ತೆ, ಸಂಜೆ ಎರಡು ಗಂಟೆ ಮಾತೇ ಹೊರಡದ ಹಾಗೆ ಹೇಗೆ ಬಿದ್ದುಕೊಂಡಿದ್ದೆ ಎಂಬುದು ಅಂಕಪಟ್ಟಿಯ ಯಾವ ಕಾಲಮಿನಲ್ಲೂ ಬರುವುದಿಲ್ಲ. ಶಾಲೆಯವರಿಗೆ ಕಾಣುವುದು ಮೂರೂವರೆ ಗಂಟೆಯ ತನಕದ ಹುಡುಗಿ. ನಾಲ್ಕು ಗಂಟೆಯ ಹುಡುಗಿ ಮನೆಯವರಿಗೆ ಮಾತ್ರ ಕಾಣುತ್ತಾಳೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಇಬ್ಬರೂ ಅರ್ಧ ದಿನವನ್ನು ಮಾತ್ರ ನೋಡುತ್ತಿದ್ದಾರೆ.

ನೀನು ಇನ್ನೂ ಕೆಲವು ಮಾತು ಕೇಳಿರುತ್ತೀಯ, ಮುಂದೆಯೂ ಕೇಳುತ್ತೀಯ. ಬೆಳೆಸಿದ ರೀತಿಯಿಂದ ಹೀಗಾಯಿತು ಎನ್ನುವುದು ಸುಳ್ಳು. ಕಳೆದ ಶತಮಾನದ ಮಧ್ಯದಲ್ಲಿ ತಾಯಂದಿರ ಪ್ರೀತಿ ಸಾಲದೆ ಮಕ್ಕಳು ಹೀಗಾಗುತ್ತಾರೆ ಎಂದು ದೂರಿದರು, ಎಷ್ಟೋ ತಾಯಂದಿರು ಆ ನೋವನ್ನು ಸಾಯುವತನಕ ಹೊತ್ತರು. ಆ ವಾದ ಬಿದ್ದುಹೋಗಿ ದಶಕಗಳಾದವು. ಲಸಿಕೆಯಿಂದ ಬರುತ್ತದೆ ಎನ್ನುವುದೂ ಸುಳ್ಳು. ಆ ಭಯಕ್ಕೆ ಕಾರಣವಾದ 1998ರ ಲೇಖನವನ್ನು ಅದನ್ನು ಅಚ್ಚುಹಾಕಿದ ವೈದ್ಯಕೀಯ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ‘ದೊಡ್ಡವಳಾದ ಮೇಲೆ ಸರಿಹೋಗುತ್ತೆ’ ಎನ್ನುವುದು ಅರ್ಧ ಸುಳ್ಳು. ನೀನು ಹೊಸ ಉಪಾಯ ಕಲಿಯುತ್ತೀಯ, ಮೆದುಳಿನ ಸ್ವಭಾವ ಹಾಗೇ ಇರುತ್ತದೆ.

‘ಇಂಥವರಿಗೆ ಬೇರೆಯವರ ಮನಸ್ಸು ಅರ್ಥವಾಗುವುದಿಲ್ಲ’ ಎನ್ನುವ ಮಾತಿನ ಬಗ್ಗೆ ಮಾತ್ರ ಸ್ವಲ್ಪ ನಿಲ್ಲುತ್ತೇನೆ, ಅದು ಮಕ್ಕಳ ಮನಸ್ಸಿಗೆ ಬಹಳ ಗಾಯ ಮಾಡುತ್ತದೆ. ಸ್ವತಃ ಆಟಿಸ್ಟಿಕ್ ಆಗಿರುವ ಸಮಾಜವಿಜ್ಞಾನಿ ಡೇಮಿಯನ್ ಮಿಲ್ಟನ್ 2012ರಲ್ಲಿ ಒಂದು ಸರಳ ವಿಷಯ ಮುಂದಿಟ್ಟರು: ಅರ್ಥವಾಗದಿರುವುದು ಎರಡೂ ಕಡೆಯ ಸಮಸ್ಯೆ. ಆಟಿಸ್ಟಿಕ್ ಅಲ್ಲದವರಿಗೂ ಆಟಿಸ್ಟಿಕ್ ಜನರ ಮನಸ್ಸು ಅಷ್ಟೇ ಅರ್ಥವಾಗುವುದಿಲ್ಲ, ಆದರೆ ಆಟಿಸ್ಟಿಕ್ ಅಲ್ಲದವರ ಸಂಖ್ಯೆ ಹೆಚ್ಚಿರುವುದರಿಂದ ತಪ್ಪು ಒಂದೇ ಕಡೆಗೆ ಅಂಟಿಕೊಳ್ಳುತ್ತದೆ. ಆಟಿಸ್ಟಿಕ್ ಆಗಿರುವವರು ತಮ್ಮತಮ್ಮೊಳಗೆ ಒಬ್ಬರಿಂದ ಒಬ್ಬರಿಗೆ ವಿಷಯ ದಾಟಿಸುವುದರಲ್ಲಿ ಉಳಿದವರಷ್ಟೇ ಸಮರ್ಥರೆಂದು, ಇಬ್ಬಗೆಯವರು ಬೆರೆತಾಗಲೇ ವಿಷಯ ಸೋರಿಹೋಗುತ್ತದೆಂದು 2020ರಲ್ಲಿ ಬಂದ ಒಂದು ಅಧ್ಯಯನ ಕಂಡುಕೊಂಡಿತು. ಗ್ರೂಪ್ ಪ್ರಾಜೆಕ್ಟಿನಲ್ಲಿ ನಿನಗಾಗುವ ಸಂಕಟದಲ್ಲಿ ಉಳಿದವರ ಪಾಲೂ ಇದೆ ಎಂದು ತಿಳಿದುಕೋ.

ಈಗ ಒಳಗೆ ಏನಾಗುತ್ತಿದೆ ನೋಡೋಣ. ಫ್ಯಾನಿನ ಗುಂಯ್ಗುಡುವಿಕೆ, ಬೆಂಚು ಎಳೆದ ಸದ್ದು, ಪಕ್ಕದವಳ ಪೆನ್ನಿನ ಟಿಕ್‌ಟಿಕ್, ಕಾರಿಡಾರಿನ ಮಾತು, ಇವುಗಳನ್ನು ಹೆಚ್ಚಿನವರ ಮೆದುಳು ಕೇಳಿದ ಕೂಡಲೇ ಹಿಂದಕ್ಕೆ ತಳ್ಳಿ ಟೀಚರ್ ದನಿಯನ್ನು ಮುಂದಿಡುತ್ತದೆ. ನಿನ್ನ ಮೆದುಳು ಎಲ್ಲವನ್ನೂ ಒಂದೇ ಸಾಲಿನಲ್ಲಿ ಕೂರಿಸುತ್ತದೆ. ‘ಕೇಳಿಸುತ್ತದೆ, ತಲೆಗೆ ಹೋಗುವುದಿಲ್ಲ’ ಎಂದು ನೀನು ಬರೆದೆಯಲ್ಲ, ಪಾಠಪುಸ್ತಕಗಳಲ್ಲೂ ಇಷ್ಟು ಸರಿಯಾಗಿ ಬರೆದಿರುವುದಿಲ್ಲ. ಸದ್ದು, ಬೆಳಕು, ಸ್ಪರ್ಶಗಳಿಗೆ ಹೀಗೆ ಬೇರೆ ರೀತಿ ಸ್ಪಂದಿಸುವುದನ್ನು 2013ರ ಪರಿಷ್ಕರಣೆಯಲ್ಲಿ ಆಟಿಸಂನ ಲಕ್ಷಣಗಳ ಪಟ್ಟಿಗೇ ಸೇರಿಸಿದ್ದಾರೆ. ಇದು ಹಟವೂ ಅಲ್ಲ, ನಾಜೂಕುತನವೂ ಅಲ್ಲ.

ಟೈಮ್‌ಟೇಬಲ್ ಬದಲಾದಾಗ ಆಗುವುದು ಇನ್ನೊಂದು. ಬೆಳಿಗ್ಗೆಯೇ ನೀನು ಇಡೀ ದಿನವನ್ನು ಮನಸ್ಸಿನಲ್ಲಿ ಜೋಡಿಸಿಕೊಂಡಿರುತ್ತೀಯ. ಯಾರ ಪಕ್ಕ ಕೂರಬೇಕು, ಯಾವ ಕೋಣೆ, ಯಾವ ಟೀಚರ್ ಹೇಗೆ ಮಾತಾಡುತ್ತಾರೆ, ಎಲ್ಲವೂ ಲೆಕ್ಕಕ್ಕೆ ಬಂದಿರುತ್ತದೆ. ಒಂದು ಪಿರಿಯಡ್ ಜಾರಿದರೆ ಹೆಣೆದದ್ದೆಲ್ಲ ಬಿಚ್ಚಿ ಮತ್ತೆ ಹೆಣೆಯಬೇಕು, ಅದೂ ಪಾಠ ಕೇಳುತ್ತಲೇ. ಇದರ ಮೇಲೆ ದಿನವಿಡೀ ‘ಸರಿಯಾಗಿರುವವಳಂತೆ’ ತೋರಿಸಿಕೊಳ್ಳುವ ಕೆಲಸ: ಕಣ್ಣಲ್ಲಿ ಕಣ್ಣಿಟ್ಟು ನೋಡು, ಎಲ್ಲರೂ ನಕ್ಕಾಗ ನಗು, ಕೈ ಬೆರಳು ಆಡಿಸಬೇಡ. ಇದಕ್ಕೆ ಮಾಸ್ಕಿಂಗ್ ಎನ್ನುತ್ತೇವೆ. ಹುಡುಗಿಯರಲ್ಲಿ ಇದು ಹೆಚ್ಚು, ಅವರನ್ನು ತಡವಾಗಿ ಗುರುತಿಸುವುದಕ್ಕೆ ಇದೂ ಒಂದು ಕಾರಣ. ಮನೆಗೆ ಬಂದು ಅಳುವುದು ಮನೆಯಲ್ಲಿ ತೊಂದರೆ ಇರುವುದರಿಂದಲ್ಲ. ಮುಖವಾಡ ಕಳಚಲು ಧೈರ್ಯ ಬರುವ ಜಾಗ ಅದೊಂದೇ ಇರುವುದರಿಂದ.

ಒಬ್ಬ ಹುಡುಗನ ವಿಷಯ ಹೇಳುತ್ತೇನೆ, ಗುರುತು ಸಿಗದ ಹಾಗೆ. ಏಳನೇ ತರಗತಿಯವನು. ಭಾಷಾ ಪರೀಕ್ಷೆಯಲ್ಲಿ ‘ನಿನಗೆ ಮರೆಯಲಾಗದ ಒಂದು ದಿನದ ಬಗ್ಗೆ ಬರೆ’ ಎಂಬ ಪ್ರಶ್ನೆ ಇತ್ತು. ನಲವತ್ತು ನಿಮಿಷ ಪೆನ್ನು ಹಿಡಿದು ಕೂತ, ಒಂದು ಅಕ್ಷರ ಬರೆಯಲಿಲ್ಲ. ಉದ್ಧಟತನ ಎಂದು ಅವನ ತಂದೆತಾಯಿಯನ್ನು ಕರೆಸಿದರು. ನಾನು ಪಕ್ಕದಲ್ಲಿ ಕೂತು ನಿಧಾನವಾಗಿ ಕೇಳಿದಾಗ ಅವನು ಹೇಳಿದ: ‘ಮೇಡಂ, ನನಗೆ ಯಾವ ದಿನವೂ ಮರೆತುಹೋಗುವುದಿಲ್ಲ. ಯಾವುದನ್ನು ಬರೆಯಬೇಕು ಅಂತ ಅವರು ಹೇಳಲೇ ಇಲ್ಲ.’ ಆ ಟೀಚರ್ ಕೆಟ್ಟವರಲ್ಲ. ಇದನ್ನು ಕೇಳಿ ಅವರ ಕಣ್ಣು ತುಂಬಿತು. ಮುಂದಿನ ಪರೀಕ್ಷೆಯಿಂದ ಅವನ ಪತ್ರಿಕೆಯಲ್ಲಿ ಅಂಥ ಪ್ರಶ್ನೆಯ ಕೆಳಗೆ ‘ಪ್ರವಾಸ, ಮಳೆ, ಬಹುಮಾನ: ಇವುಗಳಲ್ಲಿ ಒಂದು’ ಎಂದು ಕೈಯಲ್ಲಿ ಬರೆದು ಕೊಡತೊಡಗಿದರು. ಅವನು ಎರಡು ಪುಟ ಬರೆದ. ಅಲ್ಲಿಯವರೆಗೆ ಆ ಶಾಲೆಗೆ ಅವನ ರಿಪೋರ್ಟ್ ಕೊಟ್ಟು ಒಂದು ವರ್ಷವಾಗಿತ್ತು. ರಿಪೋರ್ಟಿನಿಂದ ಆಗದ ಕೆಲಸ ಅವನ ಒಂದು ವಾಕ್ಯದಿಂದ ಆಯಿತು.

ಆದ್ದರಿಂದ ನೀನು ಮೊದಲು ಮಾಡಬೇಕಾದದ್ದು ಒಂದು ನೋಟ್‌ಬುಕ್. ಎರಡು ವಾರ, ದಿನಕ್ಕೆ ಐದು ನಿಮಿಷ ಸಾಕು. ಯಾವಾಗ, ಎಲ್ಲಿ, ಏನಾಯಿತು, ಸರಿಹೋಗಲು ಎಷ್ಟು ಹೊತ್ತು ಬೇಕಾಯಿತು. ಈ ಕೊನೆಯದ್ದನ್ನು ತಪ್ಪದೆ ಬರೆ, ಅಂಕಪಟ್ಟಿ ಬಚ್ಚಿಡುವುದು ಅದನ್ನೇ. ಚೆನ್ನಾಗಿ ಹೋದ ಗಂಟೆಗಳನ್ನೂ ಬರೆ, ಆಗ ಏನು ಬೇರೆ ಇತ್ತು ಎಂಬುದರ ಜೊತೆಗೆ. ಎರಡು ವಾರದ ಕೊನೆಗೆ ನಿನಗೇ ಒಂದು ಮಾದರಿ ಕಾಣಿಸುತ್ತದೆ. ಅದರಲ್ಲಿ ಅತಿ ಹೆಚ್ಚು ಸುಸ್ತು ಮಾಡುವ ಎರಡು ಅಥವಾ ಮೂರನ್ನು ಆರಿಸು. ಹನ್ನೆರಡು ಬೇಡಿಕೆಯ ಪಟ್ಟಿ ಕೊಟ್ಟರೆ ಶಾಲೆ ತಮಗೆ ಅನುಕೂಲವಾದ ಒಂದನ್ನು ಆರಿಸಿ ಮಿಕ್ಕದ್ದನ್ನು ಮರೆಯುತ್ತದೆ.

ಏನೇನು ಕೇಳಬಹುದು ಎಂಬುದಕ್ಕೆ ಬರುತ್ತೇನೆ. ಪ್ರತಿಯೊಂದಕ್ಕೂ ಒಂದು ಎಡವಟ್ಟು ಇದೆ, ಅದನ್ನೂ ಹೇಳುತ್ತೇನೆ.

ಗದ್ದಲಕ್ಕೆ ಮೊದಲ ಉಪಾಯ ಕೂರುವ ಜಾಗ. ಎಲ್ಲರೂ ಮುಂದಿನ ಬೆಂಚು ಎನ್ನುತ್ತಾರೆ. ಆದರೆ ಮುಂದೆ ಕೂತರೆ ನಲವತ್ತು ಜನರ ಸದ್ದು ಬೆನ್ನ ಹಿಂದೆ ಇರುತ್ತದೆ, ಯಾರು ಏನು ಮಾಡುತ್ತಿದ್ದಾರೆ ಕಾಣುವುದಿಲ್ಲ, ಕೆಲವು ಮಕ್ಕಳಿಗೆ ಅದು ಇನ್ನೂ ಹಿಂಸೆ. ಗೋಡೆಯ ಪಕ್ಕ, ಬಾಗಿಲಿಂದ ದೂರ, ಎರಡನೇ ಸಾಲಿನ ತುದಿ ಎಷ್ಟೋ ಮಕ್ಕಳಿಗೆ ಹೊಂದಿದೆ. ಕೇಳುವ ಮೊದಲು ಬೇರೆ ಬೇರೆ ಕಡೆ ಕೂತು ನೋಡು. ಸದ್ದು ತಗ್ಗಿಸುವ ಇಯರ್‌ಪ್ಲಗ್ ಅಥವಾ ಹೆಡ್‌ಫೋನ್ ಬರೆಯುವ ಕೆಲಸದ ಹೊತ್ತಿಗೆ, ಕಾರಿಡಾರಿಗೆ ಬಹಳ ಒಳ್ಳೆಯದು. ಇಡೀ ದಿನ ಹಾಕಿಕೊಂಡರೆ ಕಿವಿ ಸದ್ದಿಗೆ ಇನ್ನಷ್ಟು ಸೂಕ್ಷ್ಮವಾಗುವ ಅಪಾಯ ಇದೆ.

ಬದಲಾವಣೆಗೆ ಕೇಳಬೇಕಾದದ್ದು ಒಂದು ಸಾಲು ಬರಹ: ಬದಲಾವಣೆ ಇದ್ದರೆ ಬೆಳಿಗ್ಗೆಯೇ ಬೋರ್ಡಿನ ಮೇಲೆ ಅಥವಾ ನಿನ್ನ ಡೈರಿಯಲ್ಲಿ. ಬಾಯಿಮಾತಿನಲ್ಲಿ ಹೇಳಿದ ಹೋಮ್‌ವರ್ಕ್, ಪ್ರಾಜೆಕ್ಟಿನ ಸೂಚನೆಗಳೂ ಬರಹದಲ್ಲಿ ಸಿಗಲಿ. ಇದಕ್ಕೆ ಶಾಲೆಗೆ ಬಿಡಿಗಾಸು ಖರ್ಚಿಲ್ಲ. ಎಡವಟ್ಟು ಏನೆಂದರೆ ಟೀಚರುಗಳು ಮೊದಲ ವಾರ ಬರೆಯುತ್ತಾರೆ, ಮೂರನೇ ವಾರ ಮರೆಯುತ್ತಾರೆ. ನೆನಪಿಸುವ ಹೊಣೆ ನಿನ್ನ ಮೇಲೆ ಬೀಳದಂತೆ, ಒಬ್ಬ ಟೀಚರ್ ಇದನ್ನು ನೋಡಿಕೊಳ್ಳುತ್ತಾರೆ ಎಂದು ಮೊದಲೇ ಗೊತ್ತುಮಾಡಿಸು.

ಹೊರಗೆ ಹೋಗಿ ಬರುವ ಕಾರ್ಡ್ ಅಂತ ಒಂದು ಪದ್ಧತಿ ಇದೆ. ತಡೆಯಲಾಗದಂತೆ ಆದಾಗ ಸಣ್ಣ ಕಾರ್ಡನ್ನು ಮೇಜಿನ ಮೇಲಿಟ್ಟು, ಮಾತಾಡದೆ ಎದ್ದು ಹೋಗಿ, ಗೊತ್ತುಮಾಡಿದ ಜಾಗದಲ್ಲಿ ಹತ್ತು ನಿಮಿಷ ಕೂತು ಬರುವುದು. ನಿನಗೆ ಇದು ಬಹಳ ಉಪಯೋಗಕ್ಕೆ ಬರಬಹುದು. ಆದರೆ ಒಬ್ಬ ಟೀಚರ್ ‘ಎಲ್ಲಿಗೆ? ಯಾಕೆ?’ ಎಂದು ಇಡೀ ತರಗತಿಯ ಮುಂದೆ ಕೇಳಿದರೆ ಮುಗಿಯಿತು, ಆಮೇಲೆ ಆ ಕಾರ್ಡ್ ಬ್ಯಾಗಿನಿಂದ ಹೊರಬರುವುದಿಲ್ಲ. ನಾನು ಕಂಡ ಕಾರ್ಡುಗಳಲ್ಲಿ ಹೆಚ್ಚಿನವು ಕೆಲಸಕ್ಕೆ ಬಾರದೆ ಹೋದದ್ದು ಹೀಗೆ. ಬದಲಿ ಟೀಚರ್ ಸೇರಿ ಎಲ್ಲರಿಗೂ ಮೊದಲೇ ಹೇಳಿರಬೇಕು. ಜಾಗ ಶೌಚಾಲಯ ಆಗಿರಬಾರದು, ಯಾರೋ ಒಬ್ಬರು ದೊಡ್ಡವರ ಕಣ್ಣಳತೆಯಲ್ಲಿರಬೇಕು. ಒಂದೇ ವಿಷಯದ ಪಿರಿಯಡ್‌ನಲ್ಲಿ ಮತ್ತೆ ಮತ್ತೆ ಎದ್ದುಹೋಗುತ್ತಿದ್ದರೆ ಆ ಕ್ಲಾಸಿನಲ್ಲೇ ಏನೋ ಸರಿಪಡಿಸಬೇಕಾಗಿದೆ ಎಂದು ಅರ್ಥ.

ಗ್ರೂಪ್ ಪ್ರಾಜೆಕ್ಟಿಗೆ ‘ಒಬ್ಬಳೇ ಮಾಡುತ್ತೇನೆ’ ಎಂದು ಕೇಳುವ ಆಸೆ ಆಗುತ್ತದೆ. ಕೆಲವು ಸಲ ಅದೇ ಸರಿ. ಆದರೆ ಪ್ರತಿ ಸಲವೂ ಒಬ್ಬಳೇ ಮಾಡಿದರೆ, ಪರಿಚಯ ಇಲ್ಲದವರ ಜೊತೆ ಕೆಲಸ ಹಂಚಿಕೊಳ್ಳುವುದನ್ನು ಕಲಿಯುವ ಅವಕಾಶ ತಪ್ಪುತ್ತದೆ, ಅದಕ್ಕೆ ಶಾಲೆಯಷ್ಟು ಸುರಕ್ಷಿತ ಜಾಗ ಮುಂದೆ ಸಿಗಲಾರದು. ನಡುವಿನ ದಾರಿ ಇದೆ: ಗುಂಪು ಚಿಕ್ಕದಿರಲಿ, ಒಬ್ಬಳಾದರೂ ಪರಿಚಯದವಳು ಇರಲಿ, ಯಾರ ಕೆಲಸ ಏನು ಎಂದು ಟೀಚರೇ ಬರೆದು ಕೊಡಲಿ. ನಿನ್ನ ಪಾಲು ‘ಮಾಹಿತಿ ಹುಡುಕಿ ನಾಲ್ಕು ಪುಟ ಬರೆಯುವುದು’ ಎಂದು ಕಾಗದದಲ್ಲಿದ್ದರೆ ಹಿಂದಿನ ರಾತ್ರಿಯ ನಿದ್ದೆ ಬಹುಪಾಲು ವಾಪಸ್ ಬರುತ್ತದೆ.

ಪರೀಕ್ಷೆಯ ವಿಷಯದಲ್ಲಿ ಎಲ್ಲರೂ ಮೊದಲು ಕೇಳುವುದು ಹೆಚ್ಚುವರಿ ಸಮಯ. ನಿನ್ನ ಕಷ್ಟ ಸದ್ದಿನದ್ದಾದರೆ, ಗದ್ದಲದ ಹಾಲಿನಲ್ಲಿ ಇನ್ನೂ ಅರ್ಧ ಗಂಟೆ ಕೂರಿಸುವುದು ಹಿಂಸೆಯನ್ನು ಉದ್ದ ಮಾಡಿದಂತೆ. ನಿನಗೆ ಬೇಕಿರುವುದು ಬಹುಶಃ ಚಿಕ್ಕ, ಪ್ರತ್ಯೇಕ ಕೋಣೆ. ಅದನ್ನು ಹಿಂದಿನ ದಿನವೇ ಹೋಗಿ ನೋಡಿ ಬಾ, ಗೋಡೆ ಗಡಿಯಾರದ ಸದ್ದನ್ನೂ ಕೇಳಿ ಬಾ. ಶಾಲೆಯ ಹೊರಗಿನ ಮಂಡಳಿ ನಡೆಸುವ ಪರೀಕ್ಷೆ ಮುಂದೆ ಇದ್ದರೆ ಅದಕ್ಕೆ ತಿಂಗಳುಗಳ ಮೊದಲೇ ಅರ್ಜಿ ಹಾಕಬೇಕಾಗಿ ಬರುತ್ತದೆ. ಶಾಲೆಯ ಪರೀಕ್ಷೆಗಳಲ್ಲಿ ಈ ವ್ಯವಸ್ಥೆಯನ್ನು ಈಗಾಗಲೇ ಬಳಸುತ್ತಿದ್ದಾಳೆ ಎಂಬ ದಾಖಲೆ ಇದ್ದರೆ ಆ ಅರ್ಜಿಗೆ ತೂಕ ಬರುತ್ತದೆ. ಒಂಬತ್ತನೇ ತರಗತಿಯಲ್ಲೇ ಶುರುಮಾಡು ಎನ್ನುವುದು ಅದಕ್ಕೇ.

ಪಕ್ಕದಲ್ಲೇ ಕೂರುವ ಸಹಾಯಕ ಶಿಕ್ಷಕಿಯನ್ನು ಕೆಲವು ಶಾಲೆಗಳು ಸೂಚಿಸುತ್ತವೆ. ಕೆಲವು ಮಕ್ಕಳಿಗೆ ಅದು ಬೇಕೇ ಬೇಕು. ನೀನು ಬರೆದಿರುವುದನ್ನು ನೋಡಿದರೆ ನಿನಗೆ ಬೇಡ ಎನಿಸುತ್ತದೆ. ಪಕ್ಕದಲ್ಲಿ ದೊಡ್ಡವರು ಇದ್ದರೆ ಗೆಳತಿಯರು ಹತ್ತಿರ ಬರುವುದಿಲ್ಲ, ಟೀಚರೂ ನಿನ್ನ ಬದಲು ಅವರ ಜೊತೆ ಮಾತಾಡತೊಡಗುತ್ತಾರೆ. ಬಿಡುವಿನ ಹೊತ್ತಿಗೆ ಮಾತ್ರ ಒಂದು ಜಾಗ ಕೇಳು. ಲೈಬ್ರರಿ ಆಗಬಹುದು, ಪ್ರಯೋಗಾಲಯದಲ್ಲಿ ಸಾಮಾನು ಜೋಡಿಸುವ ಕೆಲಸ ಆಗಬಹುದು. ಚಿಲಕ ಹಾಕಿದ ಬಾಗಿಲ ಹಿಂದೆ ಕೂರುವ ದಿನಗಳು ಮುಗಿಯಬೇಕು. ಅಲ್ಲಿ ಕೂರುವುದಕ್ಕೆ ಯಾರಾದರೂ ಚುಚ್ಚಿ ಮಾತಾಡುವುದು, ತಳ್ಳುವುದು ಕಾರಣವಾಗಿದ್ದರೆ ಅದು ಬೇರೆಯೇ ವಿಷಯ, ಅದನ್ನು ದಿನಾಂಕ ಸಮೇತ ಬರೆದು ಆವತ್ತೇ ಅಮ್ಮನಿಗೆ ಹೇಳು.

ಕೇಳುವ ರೀತಿ. ಒಂದೇ ಪುಟದ ಪತ್ರ ಬರೆ, ಕ್ಲಾಸ್ ಟೀಚರಿಗೆ, ಅದರ ಒಂದು ಪ್ರತಿ ಮುಖ್ಯೋಪಾಧ್ಯಾಯರಿಗೆ. ಎದುರು ಕೂತು ಮಾತಾಡುವಾಗ ನಿನಗೆ ದನಿ ಹೊರಡದಿದ್ದರೂ ಪತ್ರ ಮಾತಾಡುತ್ತದೆ. ‘ನನಗೆ ಆಟಿಸಂ ಇದೆ, ಸಹಾಯ ಮಾಡಿ’ ಎಂದು ನಿಲ್ಲಿಸಬೇಡ. ಹೀಗೆ ಬರೆ: ‘ಕಳೆದ ಎರಡು ವಾರದಲ್ಲಿ ಆರು ಸಲ ಪಿರಿಯಡ್ ಬದಲಾಯಿತು. ಪ್ರತಿ ಸಲವೂ ಸುಮಾರು ಹದಿನೈದು ನಿಮಿಷದ ಪಾಠ ನನಗೆ ಸಿಗಲಿಲ್ಲ. ವಿಜ್ಞಾನದ ತರಗತಿಯಲ್ಲಿ ಆ ದಿನದ ಕೆಲಸ ಬೋರ್ಡಿನ ಮೇಲೆ ಇರುವುದರಿಂದ ಹೀಗಾಗುವುದಿಲ್ಲ. ಬೇರೆ ತರಗತಿಗಳಲ್ಲೂ ಹೀಗೆ ಬರೆಯಲು ಸಾಧ್ಯವೇ? ಆರು ವಾರ ಮಾಡಿ ನೋಡಿ, ಪ್ರಯೋಜನ ಆಗದಿದ್ದರೆ ಬಿಡೋಣ.’ ಸಂಖ್ಯೆಗಳು ನಿನ್ನ ನೋಟ್‌ಬುಕ್ಕಿನಿಂದ ಬರಲಿ. ಆರು ವಾರ ಎಂಬ ಗಡುವು ಎರಡು ಕಡೆಗೂ ಒಳ್ಳೆಯದು. ಶಾಶ್ವತವಾಗಿ ಒಪ್ಪಿಕೊಳ್ಳಲು ಹಿಂಜರಿಯುವವರು ಪ್ರಯೋಗಕ್ಕೆ ಒಪ್ಪುತ್ತಾರೆ. ಸಭೆ ನಡೆದ ಸಂಜೆಯೇ ಅಮ್ಮ ‘ಇಂದು ಮಾತಾಡಿಕೊಂಡದ್ದು ಇಷ್ಟು’ ಎಂದು ಎರಡು ಸಾಲು ಕಳಿಸಲಿ. ಬರಹದಲ್ಲಿ ಇಲ್ಲದ ಒಪ್ಪಂದ ಟೀಚರ್ ವರ್ಗವಾದ ದಿನ ಕಾಣೆಯಾಗುತ್ತದೆ.

‘ಒಬ್ಬಳಿಗೆ ಕೊಟ್ಟರೆ ಎಲ್ಲರೂ ಕೇಳ್ತಾರೆ’ ಎಂದರೆ ಕೋಪ ಮಾಡಿಕೊಳ್ಳದೆ ಹೇಳಬಹುದು: ಬೋರ್ಡಿನ ಮೂಲೆಯ ಬರಹವನ್ನು ಇಡೀ ತರಗತಿಯೇ ಓದುತ್ತದೆ, ಯಾರಿಗೂ ನಷ್ಟವಿಲ್ಲ. ಅದಕ್ಕೂ ಒಪ್ಪದಿದ್ದರೆ ಕಾನೂನಿನ ಮಾತು ಬರುತ್ತದೆ. ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 24ನೇ ವಿಧಿ ಶಿಕ್ಷಣದಲ್ಲಿ ಪ್ರತಿ ವಿದ್ಯಾರ್ಥಿಯ ಅಗತ್ಯಕ್ಕೆ ತಕ್ಕ ಸಮಂಜಸ ಹೊಂದಾಣಿಕೆ ಇರಬೇಕು ಎನ್ನುತ್ತದೆ. 2ನೇ ವಿಧಿಯಂತೆ ಅಂಥ ಹೊಂದಾಣಿಕೆಯನ್ನು ನಿರಾಕರಿಸುವುದೇ ತಾರತಮ್ಯ. ಶಾಲೆಯ ಮೇಲೆ ಅತಿಯಾದ ಹೊರೆ ಬೀಳುವಂಥದ್ದನ್ನು ಅದು ಕೇಳುವುದಿಲ್ಲ, ನಿನ್ನ ಯಾವ ಬೇಡಿಕೆಯೂ ಅಂಥದ್ದಲ್ಲ. ಇದನ್ನು ಒಪ್ಪಿಕೊಂಡ ದೇಶಗಳು ತಮ್ಮದೇ ಕಾನೂನು, ನಿಯಮಗಳನ್ನು ಇಟ್ಟುಕೊಂಡಿವೆ. ಶಿಕ್ಷಣ ಇಲಾಖೆಯ ಲಿಖಿತ ನಿಯಮವನ್ನು ಅಮ್ಮ ಕೇಳಿ ಪಡೆದು ಪತ್ರಕ್ಕೆ ಲಗತ್ತಿಸಲಿ. ಆದರೆ ಇದು ಎರಡನೇ ಪತ್ರದ ವಿಷಯ. ಮೊದಲ ಪತ್ರದಲ್ಲೇ ಕಾನೂನು ಎತ್ತಿದರೆ, ಮನಸ್ಸಿದ್ದ ಟೀಚರೂ ಬಾಗಿಲು ಹಾಕಿಕೊಳ್ಳುತ್ತಾರೆ.

ಅಪ್ಪನ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಒಮ್ಮೆ ಹೇಳಿದ್ದನ್ನು ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ, ಗೊತ್ತಾದ ಮೇಲೆ ಮಕ್ಕಳು ಆಡಿಕೊಳ್ಳುವುದೂ ಉಂಟು. ಆದರೆ ಹೇಳುವುದು ಎಂದರೆ ಊರಿಗೆಲ್ಲ ಸಾರುವುದಲ್ಲ. ರಿಪೋರ್ಟ್ ಮುಖ್ಯೋಪಾಧ್ಯಾಯರು, ಕೌನ್ಸೆಲರ್ ಬಳಿ ಮಾತ್ರ ಇರಬಹುದು. ಪಾಠ ಮಾಡುವವರಿಗೆ ‘ಏನು ಮಾಡಬೇಕು’ ಎಂಬ ಅರ್ಧ ಪುಟ ಸಾಕು. ಸಹಪಾಠಿಗಳಿಗೆ ಏನೂ ಹೇಳದೆಯೂ ಇರಬಹುದು, ಅದು ನಿನ್ನ ನಿರ್ಧಾರ, ಅಪ್ಪನದ್ದೂ ಅಲ್ಲ, ಟೀಚರದ್ದೂ ಅಲ್ಲ. ಯಾರಿಗೆ ಗೊತ್ತಿರಬೇಕು ಎಂಬುದನ್ನು ಪತ್ರದಲ್ಲೇ ಬರೆದು, ಅವರ ಹೊರತು ಯಾರಿಗೂ ತಿಳಿಸಬಾರದೆಂದು ಕೋರು. ಅಪ್ಪನಿಗೆ ಆ ಪತ್ರವನ್ನು ಕಳಿಸುವ ಮೊದಲು ತೋರಿಸು. ಎಷ್ಟು ಜನಕ್ಕೆ, ಎಷ್ಟು ವಿಷಯ ಎಂದು ಕಣ್ಣಾರೆ ಕಂಡ ಮೇಲೆ ಸಮಾಧಾನ ಆದ ತಂದೆಯರನ್ನು ನೋಡಿದ್ದೇನೆ. ಹೇಳದೆ ಇರುವುದಕ್ಕೂ ಬೆಲೆ ಇದೆ ಎಂಬುದು ಅವರಿಗೂ ತಿಳಿಯಲಿ: ಕಾರಣ ಗೊತ್ತಿಲ್ಲದ ಟೀಚರ್ ನಿನ್ನ ಮೌನಕ್ಕೆ ‘ಸೊಕ್ಕು’, ‘ಸೋಮಾರಿತನ’ ಎಂಬ ಹೆಸರು ಕೊಡುತ್ತಾರೆ.

ಮೋಸ ಆಗುವುದಿಲ್ಲವೇ ಎಂದು ಕೇಳಿದ್ದೀಯ. ಗಣಿತದ ಪರೀಕ್ಷೆ ಅಳೆಯಬೇಕಾದದ್ದು ಗಣಿತವನ್ನು. ಫ್ಯಾನಿನ ಸದ್ದನ್ನು ನೀನು ಎಷ್ಟು ಹೊತ್ತು ಸಹಿಸುತ್ತೀಯ ಎಂಬುದನ್ನಲ್ಲ. ಪ್ರತ್ಯೇಕ ಕೋಣೆಯಲ್ಲೂ ಪ್ರಶ್ನೆಗಳು ಅವೇ, ಉತ್ತರ ನಿನ್ನದೇ. ಯಾರ ಅಂಕವನ್ನೂ ನೀನು ಕಿತ್ತುಕೊಂಡಿಲ್ಲ.

ಇನ್ನೊಂದು ವಿಷಯ, ಇದನ್ನು ಅಮ್ಮನೂ ಓದಲಿ. ಆಟಿಸಂ ಇರುವ ಮಕ್ಕಳಲ್ಲಿ ಸುಮಾರು 40 ಶೇಕಡಾ ಮಂದಿಗೆ ಚಿಕಿತ್ಸೆ ಬೇಕಾಗುವ ಮಟ್ಟದ ಆತಂಕವೂ ಇರುತ್ತದೆ. ನಿದ್ದೆ ವಾರಗಟ್ಟಲೆ ಕೆಟ್ಟರೆ, ಇಷ್ಟಪಟ್ಟು ಮಾಡುತ್ತಿದ್ದ ಕೆಲಸವೂ ಬೇಡವಾದರೆ, ಮೊದಲು ಸುಲಭವಾಗಿ ಮಾಡುತ್ತಿದ್ದ ಸ್ನಾನ, ಊಟ, ಮಾತು ಕೂಡ ಭಾರವಾದರೆ, ಶಾಲೆಯ ಸಭೆಗೆ ಕಾಯದೆ ಡಾಕ್ಟರ ಬಳಿ ಹೋಗಬೇಕು. ಬದುಕೇ ಬೇಡ ಎಂಬ ಯೋಚನೆ ಒಮ್ಮೆ ಬಂದು ಹೋದರೂ ಆವತ್ತೇ ಮನೆಯವರಿಗೆ ಹೇಳು. ಬಾಯಲ್ಲಿ ಹೇಳಲು ಆಗದಿದ್ದರೆ ಚೀಟಿ ಬರೆದು ಕೈಗೆ ಕೊಡು, ಮೆಸೇಜ್ ಮಾಡು. ಆತಂಕಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಶಾಲೆಯ ಸಹಾಯ ಅದರ ಜೊತೆಗೆ ನಡೆಯಬೇಕು, ಅದರ ಬದಲಿಗೆ ಅಲ್ಲ.

ಶಾಲೆಯಲ್ಲಿ ಮೊದಲು ಯಾರ ಬಳಿ ಹೋಗಬೇಕು ಎಂಬುದು ನಿನ್ನ ಪತ್ರದಲ್ಲೇ ಇದೆ. ವಿಜ್ಞಾನದ ಸರ್. ಬೋರ್ಡಿನ ಮೂಲೆಯಲ್ಲಿ ಬರೆಯುವುದರಿಂದ ಒಬ್ಬ ಹುಡುಗಿಗೆ ಏನಾಗುತ್ತಿದೆ ಎಂಬುದು ಅವರಿಗೆ ಗೊತ್ತೇ ಇರಲಿಕ್ಕಿಲ್ಲ. ನೋಟ್‌ಬುಕ್ಕಿನ ಎರಡು ವಾರ ಮುಗಿದ ಮೇಲೆ, ಅವರ ಪಿರಿಯಡ್ಡಿನ ಪುಟಗಳನ್ನೂ ಮಿಕ್ಕ ಪಿರಿಯಡ್ಡುಗಳ ಪುಟಗಳನ್ನೂ ಅಕ್ಕಪಕ್ಕ ಇಟ್ಟು ತೋರಿಸು, ಸಭೆಗೆ ಅವರೂ ಬಂದು ಕೂರಬಹುದೇ ಎಂದು ಕೇಳು. ಒಳಗಿನವರೊಬ್ಬರು ‘ನನ್ನ ಕ್ಲಾಸಿನಲ್ಲಿ ಇದು ಆಗುತ್ತಿದೆ’ ಎಂದರೆ ಸಾಕು, ಹತ್ತು ರಿಪೋರ್ಟಿನ ಕೆಲಸ ಆಗುತ್ತದೆ. ಆರು ವಾರ ಕಳೆದ ಮೇಲೆ ಸಂಜೆಯ ಆ ಎರಡು ಗಂಟೆ ಎಷ್ಟಕ್ಕೆ ಇಳಿಯಿತು ಎಂದು ನನಗೆ ಬರೆ.